ಮೂಳೆ ಕೂಡಿದ ಮೇಲೂ ಬಿಡದ ಕಾಲುನೋವು

ಪಾದದ ಕೀಲಿನಲ್ಲಿ ಮುರಿದ ಮೂಳೆ ಹಿರಿಯರಲ್ಲೂ ಸಾಮಾನ್ಯವಾಗಿ 6ರಿಂದ 12 ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಎಕ್ಸ್‌ರೇ ನೋಡಿದ ವೈದ್ಯರು ಇನ್ನು ನಡೆಯಬಹುದೆಂದು ಹೇಳಿದ ದಿನ ಚಿಕಿತ್ಸೆ ಮುಗಿಯಿತೆಂದೇ ಮನೆಯವರು ತಿಳಿಯುತ್ತಾರೆ. ಆದರೆ ಫಿಸಿಯೋಥೆರಪಿಗೆಂದು ನನ್ನ ಬಳಿಗೆ ಬರುವ ಅರವತ್ತು ದಾಟಿದವರಲ್ಲಿ ಅನೇಕರು, ಆ ದಿನದಿಂದ ತಿಂಗಳುಗಟ್ಟಲೆ ಕಳೆದ ಮೇಲೆ, ಬೆಳಿಗ್ಗೆ ಎದ್ದಾಗ ಬಿಗಿತ, ಸಂಜೆಯಾಗುತ್ತಲೇ ಬಾವು, ಮೆಟ್ಟಿಲಿಳಿಯುವಾಗ ಕಾಲು ಸೋತುಬಿಡುತ್ತದೆಂಬ ಭಯ ಇವಿಷ್ಟನ್ನೂ ಹೊತ್ತು ಬರುತ್ತಾರೆ. ‘ವಯಸ್ಸಾಯ್ತಲ್ಲ, ಇನ್ನು ಇಷ್ಟೇ’ ಎಂಬ ಮಾತನ್ನು ಅಷ್ಟರಲ್ಲಿ ಮಕ್ಕಳಿಂದಲೂ ನೆರೆಯವರಿಂದಲೂ ಕೇಳಿ ಅವರು ಒಪ್ಪಿಕೊಂಡೂ ಆಗಿರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಉಳಿದುಹೋದ ನೋವಿಗೆ ಹಲವು ಬಾರಿ ಕಾರಣವಾಗುವುದು ಕಾಲು ಕಳೆದುಕೊಂಡ ಬಲವನ್ನು ಯಾರೂ ಮರಳಿ ಗಳಿಸಿಕೊಡದಿರುವುದು. ಕೆಲವೊಮ್ಮೆ ಹಳೆಯ ಪೆಟ್ಟಿನ ಹೆಸರಿನಲ್ಲಿ ಬೇರೆಯೇ ಕಾಯಿಲೆ ಅಡಗಿರುವುದು.

ಹಾಸಿಗೆಯಲ್ಲಿ ಕಳೆದ ದಿನಗಳಿಗೆ ಹಿರಿಯರ ಕಾಲು ದೊಡ್ಡ ಬೆಲೆ ತೆರುತ್ತದೆ. ಆರೋಗ್ಯವಂತ ಹಿರಿಯರನ್ನು ಕೇವಲ 10 ದಿನ ಹಾಸಿಗೆಯಲ್ಲೇ ಇರಿಸಿ ಅಮೆರಿಕದಲ್ಲಿ ನಡೆಸಿದ, 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅವರ ಕಾಲುಗಳ ಮಾಂಸಖಂಡ ಸುಮಾರು 1 ಕಿಲೋದಷ್ಟು ಕರಗಿತ್ತು. ಹೀಗಿರುವಾಗ ಆರು ವಾರ ಪ್ಲಾಸ್ಟರಿನೊಳಗಿದ್ದ ಕಾಲಿನ ಮೀನಖಂಡ ಇನ್ನೊಂದು ಕಾಲಿನದಕ್ಕಿಂತ ತೆಳುವಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಬಾವು ಇಳಿಯದಿರುವುದಕ್ಕೂ ಇದೇ ಒಂದು ಕಾರಣ, ಏಕೆಂದರೆ ನಡೆಯುವಾಗ ಮೀನಖಂಡ ಹಿಂಡಿಕೊಂಡಂತೆಲ್ಲ ಕಾಲಿನ ರಕ್ತ ಮೇಲಕ್ಕೇರುತ್ತದೆ. ಆ ಸ್ನಾಯು ಸೋತರೆ ರಕ್ತವೂ ನೀರೂ ಪಾದದ ಸುತ್ತ ನಿಲ್ಲುತ್ತವೆ. ಉಳುಕಿನಲ್ಲಿ ಹರಿದ ಲಿಗಮೆಂಟಿನ, ಅಂದರೆ ಮೂಳೆಯನ್ನು ಮೂಳೆಗೆ ಬಿಗಿದಿಡುವ ನಾರಿನ, ಕಥೆ ಸ್ವಲ್ಪ ಬೇರೆ. ಪಾದ ಯಾವ ಕಡೆ ವಾಲುತ್ತಿದೆ ಎಂಬುದನ್ನು ಮಿದುಳಿಗೆ ತಿಳಿಸುವ ನರತುದಿಗಳು ಲಿಗಮೆಂಟಿನಲ್ಲಿರುತ್ತವೆ, ಅವಕ್ಕೂ ಪೆಟ್ಟಾಗಿರುತ್ತದೆ. ಒಮ್ಮೆ ಉಳುಕಿದ ಕಾಲು ಸಮತಟ್ಟಾದ ಅಂಗಳದಲ್ಲೂ ಮತ್ತೆ ಮತ್ತೆ ಉಳುಕುವುದಕ್ಕೆ ಇದೂ ಒಂದು ಕಾರಣ.

ಹಾಗಾಗಿ ಎಣ್ಣೆ ತಿಕ್ಕುವುದರಿಂದಲೋ ಶಾಖ ಕೊಡುವುದರಿಂದಲೋ ಈ ನಷ್ಟ ತುಂಬುವುದಿಲ್ಲ. ಅವುಗಳಿಂದ ಒಂದಷ್ಟು ಹೊತ್ತು ಹಿತವೆನಿಸಬಹುದು, ಅಷ್ಟೇ. ನಾನು ಹೆಚ್ಚಿನವರಿಗೆ ಮೊದಲು ಹೇಳಿಕೊಡುವ ವ್ಯಾಯಾಮಕ್ಕೆ ಅಡುಗೆಮನೆಯ ಕಟ್ಟೆ ಸಾಕು. ಎರಡೂ ಅಂಗೈಗಳನ್ನು ಕಟ್ಟೆಯ ಮೇಲಿಟ್ಟು, ಮಂಡಿ ನೇರವಾಗಿರಿಸಿ, ಎರಡೂ ಹಿಮ್ಮಡಿಗಳನ್ನು ಒಟ್ಟಿಗೆ ಮೇಲೆತ್ತಬೇಕು, ಒಂದು ಕ್ಷಣ ನಿಂತು, ಮೂರು ನಾಲ್ಕು ಎಣಿಸುವಷ್ಟು ನಿಧಾನವಾಗಿ ಇಳಿಸಬೇಕು. ಬಲ ಬರುವುದರಲ್ಲಿ ಈ ಇಳಿಸುವಿಕೆಯ ಪಾಲೂ ಇದೆ, ಆದರೆ ಎಲ್ಲರೂ ಅವಸರಪಡುವುದು ಅಲ್ಲಿಯೇ. ಭಾರವೆಲ್ಲ ಒಳ್ಳೆಯ ಕಾಲಿನ ಮೇಲೆ ಸದ್ದಿಲ್ಲದೆ ಜಾರಿಹೋಗುವುದನ್ನೂ ಗಮನಿಸಬೇಕು. ಸುಸ್ತಾಗುವವರೆಗೆ 8ರಿಂದ 12 ಬಾರಿ ಮಾಡಿ, ಸ್ವಲ್ಪ ವಿಶ್ರಮಿಸಿ, ಮತ್ತೊಮ್ಮೆ ಮಾಡಬೇಕು. ಅದು ಸುಲಭವಾದ ಮೇಲೆ ಎರಡೂ ಕಾಲಿನಲ್ಲಿ ಏರಿ ನೊಂದ ಕಾಲೊಂದರಲ್ಲೇ ಇಳಿಯುವುದನ್ನು ಕಲಿಯಬೇಕು. ವ್ಯಾಯಾಮದ ಹೊತ್ತಿನಲ್ಲಿ ಅಲ್ಪಸ್ವಲ್ಪ ನೋವು ಕಾಣಿಸಿದರೆ ಹೆದರಬೇಕಿಲ್ಲ. ಮಾರನೆಯ ಬೆಳಿಗ್ಗೆಯೂ ಅದು ಹಿಂದಿಗಿಂತ ಹೆಚ್ಚಾಗಿದ್ದರೆ ಮಾತ್ರ ಪ್ರಮಾಣ ಕಡಿಮೆ ಮಾಡಬೇಕು. ಅದೇ ಕಟ್ಟೆಯನ್ನು ಬೆರಳತುದಿಯಿಂದ ಮುಟ್ಟಿಕೊಂಡು ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸ ಸಮತೋಲನವನ್ನು ಮರಳಿಸುತ್ತದೆ. ಫಲ ಕಾಣಲು ಎರಡು ಮೂರು ತಿಂಗಳು ಬೇಕು ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಹದಿನೈದು ದಿನಕ್ಕೇ ಬಿಟ್ಟುಬಿಡುವವರನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಊರುಗೋಲನ್ನು ನೊಂದ ಕಾಲಿನ ಕಡೆಗೇ ಹಿಡಿಯುವವರು ಬಹಳ. ಅದು ಎದುರು ಕೈಯಲ್ಲಿರಬೇಕು. ಎಡಗಾಲು ನೋಯುತ್ತಿದ್ದರೆ ಬಲಗೈಯಲ್ಲಿ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಸಮನಾಗಿರಬೇಕು. ಮೆಟ್ಟಿಲೇರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೊಂದ ಕಾಲು ಮೊದಲು. ಸವೆದ ಹವಾಯಿ ಚಪ್ಪಲಿಯನ್ನು ಬಿಟ್ಟು ಹಿಮ್ಮಡಿಗೆ ಪಟ್ಟಿಯಿರುವ ಪಾದರಕ್ಷೆಯನ್ನು ಹಾಕಿಕೊಳ್ಳುವುದು, ಮನೆಯೊಳಗೂ, ಅಗತ್ಯ.

ಇನ್ನು ಹಳೆಯ ಪೆಟ್ಟಿನ ಮೇಲೆ ಹೊರಿಸಬಾರದ ನೋವುಗಳ ವಿಚಾರ. ನಡೆಯುತ್ತಿದ್ದಂತೆ ಮೀನಖಂಡ ಹಿಡಿದುಕೊಂಡು, ನಿಂತರೆ ಕೆಲವೇ ನಿಮಿಷಗಳಲ್ಲಿ ಸರಿಹೋಗುವುದಾದರೆ ಕಾಲಿನ ರಕ್ತನಾಳ ಕಿರಿದಾಗಿರಬಹುದು, ಧೂಮಪಾನಿಗಳಲ್ಲಿ ವಿಶೇಷವಾಗಿ. ನಿಂತರೂ ಹೋಗದೆ, ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಕಡಿಮೆಯಾಗುವ ನೋವಿನ ಮೂಲ ಬೆನ್ನುಹುರಿಯ ಕಾಲುವೆಯಲ್ಲಿರುವ ಸಾಧ್ಯತೆ ಹೆಚ್ಚು. ಪ್ಲಾಸ್ಟರ್ ಅಥವಾ ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿ ಒಂದೇ ಮೀನಖಂಡ ಬಾತು ಬಿಗಿದು ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಸಿಪ್ರೊಫ್ಲಾಕ್ಸಾಸಿನ್‌ನಂತಹ ಆ್ಯಂಟಿಬಯೋಟಿಕ್ ತೆಗೆದುಕೊಂಡ ಅರವತ್ತು ದಾಟಿದವರಲ್ಲಿ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಊದಿಕೊಳ್ಳುವ, ಹರಿಯುವ ಅಪಾಯ ಹೆಚ್ಚು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಎಚ್ಚರಿಸಿದೆ. ಆದ್ದರಿಂದ ಹಿಮ್ಮಡಿ ನೋವೆಂದು ಬಂದವರನ್ನು ಇತ್ತೀಚೆಗೆ ನುಂಗಿದ ಮಾತ್ರೆಗಳ ಬಗ್ಗೆ ನಾನು ತಪ್ಪದೆ ಕೇಳುತ್ತೇನೆ.

ನನಗೆ ಹೆಚ್ಚು ಆತಂಕವಿರುವುದು ಸಕ್ಕರೆ ಕಾಯಿಲೆಯವರ ಬಗ್ಗೆ. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ಅಂಗಾಲು ಸ್ಪರ್ಶಜ್ಞಾನ ಕಳೆದುಕೊಳ್ಳಬಹುದು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು, ಅವರು ಕಣ್ಣು ಮುಚ್ಚಿರುವಾಗ, ಹೆಬ್ಬೆರಳಿನ ತಳಕ್ಕೆ ಒತ್ತಿ ಕೇಳಿದರೆ ‘ಇನ್ನೂ ಮುಟ್ಟಿಲ್ಲವಲ್ಲ’ ಎನ್ನುವವರಿದ್ದಾರೆ. ಇಂತಹ ಪಾದವೊಂದು ಇದ್ದಕ್ಕಿದ್ದಂತೆ ಕೆಂಪಾಗಿ ಬಾತು, ಕೈಯ ಹಿಂಬದಿಯಿಂದ ಮುಟ್ಟಿ ನೋಡಿದಾಗ ಇನ್ನೊಂದಕ್ಕಿಂತ ಬಿಸಿಯಾಗಿದ್ದು, ನೋವು ಮಾತ್ರ ಅಷ್ಟಾಗಿ ಇಲ್ಲದಿದ್ದರೆ, ಅದನ್ನು ಉಳುಕೆಂದು ತಿಳಿದು ಪಟ್ಟಿ ಸುತ್ತಿಕೊಂಡು ಓಡಾಡಬಾರದು. ಪಾದದ ಮೂಳೆಗಳು ಒಳಗೊಳಗೇ ಮುರಿದು ಕುಸಿಯುವ, ವೈದ್ಯರು ಶಾರ್ಕೋ ಪಾದ ಎನ್ನುವ ಸ್ಥಿತಿ ಅದಾಗಿರಬಹುದು, ಮತ್ತು ಆರಂಭದ ಎಕ್ಸ್‌ರೇಯಲ್ಲಿ ಏನೂ ಕಾಣದೆಯೂ ಇರಬಹುದು. ಕೂಡಲೇ ಕಾಲಿನ ಮೇಲೆ ಭಾರ ಬಿಡುವುದನ್ನು ನಿಲ್ಲಿಸಿ ಪ್ಲಾಸ್ಟರ್ ಹಾಕಿಸಿದರೆ ಪಾದದ ಆಕಾರ ಉಳಿಯುವ ಸಾಧ್ಯತೆ ಹೆಚ್ಚು. ಸ್ಪರ್ಶ ಕುಂದಿದವರು ಬಿಸಿನೀರಿನಲ್ಲಿ ಕಾಲು ಅದ್ದಲೇಬಾರದು. ಸುಟ್ಟದ್ದು ಅವರಿಗೆ ತಿಳಿಯುವುದು ಬೊಬ್ಬೆ ಎದ್ದ ಮೇಲೆ. ಮೃದು ರಬ್ಬರಿನ ಎಂ.ಸಿ.ಆರ್. ಚಪ್ಪಲಿ ಇಂತಹವರಿಗೆ ಹೆಚ್ಚು ದುಬಾರಿಯಲ್ಲದ ರಕ್ಷಣೆ.

ಕೆಲವರಲ್ಲಿ ಹಳೆಯ ಮುರಿತ ಕೀಲಿನ ಮೃದ್ವಸ್ಥಿಯನ್ನೇ, ಅಂದರೆ ಮೂಳೆತುದಿಗಳ ನುಣುಪಾದ ಹೊದಿಕೆಯನ್ನೇ, ಸವೆಸಿರುತ್ತದೆ. ಮಂಡಿಯ ಸವೆತಕ್ಕಿಂತ ಭಿನ್ನವಾಗಿ, ಪಾದದ ಕೀಲಿನ ಸವೆತಕ್ಕೆ ಬಹುಪಾಲು ಹಿಂದಿನ ಪೆಟ್ಟೇ ಕಾರಣ. ವ್ಯಾಯಾಮ, ಪಟ್ಟಿ, ಪಾದರಕ್ಷೆಗಳಿಂದ ನೋವು ಹತೋಟಿಗೆ ಬಾರದಿದ್ದರೆ ಕೀಲನ್ನು ಸ್ಥಿರವಾಗಿ ಬೆಸೆಯುವ ಶಸ್ತ್ರಚಿಕಿತ್ಸೆಯಿದೆ. ಅದರ ನಂತರ ಸಮತಟ್ಟಾದ ನೆಲದಲ್ಲಿ ಚೆನ್ನಾಗಿಯೇ ನಡೆಯಬಹುದಾದರೂ ಕುಕ್ಕರಗಾಲಿನಲ್ಲಿ ಕೂರುವುದು ಕಷ್ಟವಾಗುತ್ತದೆ. ಮನೆಯಲ್ಲಿ ಯಾವ ಬಗೆಯ ಶೌಚಾಲಯವಿದೆ, ಗದ್ದೆಯ ಬದುವಿನ ಮೇಲೆ ನಡೆಯಬೇಕೇ, ನೆಲದ ಮೇಲೆ ಕುಳಿತು ಮಾಡುವ ಕೆಲಸವಿದೆಯೇ ಎಂಬುದನ್ನು ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡುವ ಮುನ್ನವೇ ವೈದ್ಯರಿಗೆ ಬಿಡಿಸಿ ಹೇಳಬೇಕು.