ತಾತ ಹುಟ್ಟಿದ್ದು ‘ಸುಮಾರು 1905’: ಸಾಫ್ಟ್‌ವೇರ್ ಬದಲಿಸಿದರೆ ಆ ‘ಸುಮಾರು’ ಉಳಿಯುತ್ತದಾ?

ಓದುಗರ ಪ್ರಶ್ನೆ: ನಮ್ಮ ಮನೆತನದ ವಂಶವೃಕ್ಷವನ್ನು ಹಲವು ವರ್ಷಗಳಿಂದ ಒಂದೇ ಸಾಫ್ಟ್‌ವೇರಿನಲ್ಲಿ ತುಂಬುತ್ತಾ ಬಂದಿದ್ದೇನೆ. ಈಗ ಬೇರೆಯದಕ್ಕೆ ಹೋಗಬೇಕು. ಆದರೆ ಅರ್ಧಕ್ಕರ್ಧ ಜನರ ತಾರೀಖು ನಿಖರವಾಗಿ ಗೊತ್ತಿಲ್ಲ. ‘ಸುಮಾರು 1905’, ‘1920ಕ್ಕೆ ಮೊದಲು’, ‘ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ’ ಎಂದೆಲ್ಲ ಬರೆದಿದ್ದೇನೆ. ಹೊಸದರಲ್ಲಿ ಇವು ಹಾಗೇ ಬರುತ್ತವಾ?

ಉತ್ತರ: ಮೊದಲೆರಡು ಬರುತ್ತವೆ. ಮೂರನೆಯದಕ್ಕೆ ಗ್ಯಾರಂಟಿ ಇಲ್ಲ. ಯಾಕೆ ಅಂತ ತಿಳಿಯಬೇಕಾದರೆ ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಮಾಹಿತಿ ಹೋಗುವ ದಾರಿಯನ್ನು ನೋಡಬೇಕು.

ಆ ದಾರಿಯ ಹೆಸರು ಜೆಡ್‌ಕಾಮ್. ವಂಶವೃಕ್ಷದ ಸಾಫ್ಟ್‌ವೇರುಗಳಲ್ಲಿ ‘ಎಕ್ಸ್‌ಪೋರ್ಟ್’ ಒತ್ತಿದರೆ ಸಾಮಾನ್ಯವಾಗಿ ಸಿಗುವ ಫೈಲು ಇದೇ. 1984ರಲ್ಲಿ ಇದನ್ನು ಶುರು ಮಾಡಿದ್ದು ಅಮೆರಿಕದ ಮಾರ್ಮನ್ ಚರ್ಚು. ಇವತ್ತಿಗೂ ಹೆಚ್ಚಾಗಿ ಓಡಾಡುತ್ತಿರುವುದು ಅದರ 5.5.1 ಆವೃತ್ತಿ. 1999ರಲ್ಲಿ ಕರಡಾಗಿ ಬಂದ ಇದಕ್ಕೆ ಅಧಿಕೃತ ಮುದ್ರೆ ಬಿದ್ದದ್ದು 2019ರಲ್ಲಿ! ಇಪ್ಪತ್ತು ವರ್ಷ ಎಲ್ಲರೂ ಕರಡನ್ನೇ ನಂಬಿಕೊಂಡು ಕೆಲಸ ಸಾಗಿಸಿದರು. ಒಂದೊಂದು ಸಾಫ್ಟ್‌ವೇರು ಒಂದೊಂದು ಥರ ಆಡುವುದಕ್ಕೆ ಇದೂ ಒಂದು ಕಾರಣ ಅನ್ನಬಹುದು.

ಜೆಡ್‌ಕಾಮ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಬಹುದು. ಹೆದರಬೇಕಾಗಿಲ್ಲ, ಅದು ಬರೀ ಅಕ್ಷರಗಳ ಫೈಲು. ನಿಮ್ಮ ತಾತನ ಹೆಸರಿನ ಕೆಳಗೆ ಜನನದ ಸಾಲು ಸಿಗುತ್ತದೆ. ಅದರ ಕೆಳಗೆ ‘2 ಡೇಟ್ ಎಬಿಟಿ 1905’ ಎಂಬ ಸಾಲು ಇರಬೇಕು, ಇಂಗ್ಲಿಷ್ ಅಕ್ಷರಗಳಲ್ಲಿ. ಎ, ಬಿ, ಟಿ ಎಂಬ ಆ ಮೂರಕ್ಷರವೇ ನಿಮ್ಮ ‘ಸುಮಾರು’. ‘ಮೊದಲು’ ಅನ್ನುವುದಕ್ಕೆ ಬಿ, ಇ, ಎಫ್. ‘ನಂತರ’ಕ್ಕೆ ಎ, ಎಫ್, ಟಿ. ಈ ಗುರುತುಗಳು ಜೆಡ್‌ಕಾಮ್ ನಿಯಮದಲ್ಲೇ ಇವೆ, ಹಾಗಾಗಿ ಹೊಸ ಸಾಫ್ಟ್‌ವೇರಿಗೂ ಅರ್ಥವಾಗುತ್ತವೆ. ನಿಮ್ಮ ಹಳೆಯ ಸಾಫ್ಟ್‌ವೇರು ‘ಸುಮಾರು’ ಎಂಬ ಪದವನ್ನೇ ಗುರುತಿನ ಜಾಗದಲ್ಲಿ ಹಾಗೇ ಬರೆದು ಕಳಿಸಿದ್ದರೆ ಮಾತ್ರ ಕಷ್ಟ.

‘ಸುಮಾರು’ ಅಲ್ಲದೆ ಇನ್ನೂ ಎರಡು ಗುರುತುಗಳಿವೆ: ‘ಲೆಕ್ಕ ಹಾಕಿದ್ದು’ ಮತ್ತು ‘ಅಂದಾಜು’. 1950ರಲ್ಲಿ ತೀರಿಕೊಂಡಾಗ ವಯಸ್ಸು 45 ಎಂದು ದಾಖಲೆಯಲ್ಲಿದ್ದು, ಅದರಿಂದ 1905 ಎಂದು ಕಳೆದು ತೆಗೆದಿದ್ದರೆ ಅದು ಲೆಕ್ಕ ಹಾಕಿದ್ದು. ಮೊದಲ ಮಗು 1928ರಲ್ಲಿ ಹುಟ್ಟಿತು, ಹಾಗಾದರೆ ತಂದೆ 1905ರ ಆಸುಪಾಸು ಹುಟ್ಟಿರಬೇಕು ಅಂದುಕೊಂಡರೆ ಅದು ಅಂದಾಜು. ವರ್ಷ ಒಂದೇ ಆದರೂ ಎರಡರ ತೂಕ ಬೇರೆ, ಅಲ್ವಾ? ಎಲ್ಲಕ್ಕೂ ‘ಸುಮಾರು’ ಹಾಕಿ ಮುಂದೆ ಹೋಗುವವರೇ ಜಾಸ್ತಿ. ನಾನಂತೂ ಮೂರನ್ನೂ ಬೇರೆ ಬೇರೆ ಇಡಿ ಅನ್ನುತ್ತೇನೆ. ನಾಳೆ ಹೊಸ ದಾಖಲೆ ಸಿಕ್ಕಾಗ ಯಾವುದನ್ನು ಧೈರ್ಯವಾಗಿ ತಿದ್ದಬಹುದು ಅನ್ನುವುದು ಆಗ ತಾನಾಗಿ ಕಾಣುತ್ತದೆ.

ಜನ ತುಂಬಾ ಎಡವುವ ಜಾಗ ಇನ್ನೊಂದಿದೆ. ‘1901 ಮತ್ತು 1906ರ ನಡುವೆ’ ಬೇರೆ, ‘1901ರಿಂದ 1906ರವರೆಗೆ’ ಬೇರೆ. ಮೊದಲನೆಯದು ಆ ಅವಧಿಯಲ್ಲಿ ಯಾವುದೋ ಒಂದು ದಿನ ನಡೆದದ್ದು. ಎರಡನೆಯದು ಅಷ್ಟೂ ಕಾಲ ನಡೆಯುತ್ತಲೇ ಇದ್ದದ್ದು. ಕೆಲಸ, ವಾಸ, ಓದು ಇವಕ್ಕೆ ‘ರಿಂದ–ವರೆಗೆ’ ಸರಿ. ಹುಟ್ಟು, ಸಾವಿಗೆ ‘ನಡುವೆ’ಯೇ ಆಗಬೇಕು. ಐದು ವರ್ಷ ಹುಟ್ಟುತ್ತಲೇ ಇದ್ದವರು ಯಾರೂ ಇಲ್ಲ. ಜೆಡ್‌ಕಾಮ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಗುರುತಿದೆ. ಆದರೆ ನೀವು ‘1901-1906’ ಎಂದು ಸುಮ್ನೆ ಒಂದು ಗೆರೆ ಎಳೆದು ಬರೆದರೆ ಸಾಫ್ಟ್‌ವೇರು ಯಾವುದೆಂದುಕೊಳ್ಳುತ್ತದೋ ಹೇಳಲಾಗದು.

‘ನಡುವೆ’ ಎಷ್ಟು ಉಪಯೋಗಕ್ಕೆ ಬರುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ 1841ರ ಜನಗಣತಿ ಒಳ್ಳೆಯ ಉದಾಹರಣೆ. ಅಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಮಗ್ಗಿಗೆ ಇಳಿಸಿ ಬರೆಯಬೇಕೆಂದು ಸೂಚನೆ ಇತ್ತು. 38 ವರ್ಷದವರೂ 35 ಆಗಿಬಿಡುತ್ತಿದ್ದರು. ಗಣತಿಯ ರಾತ್ರಿ ಜೂನ್ 6. ಹಾಗಾಗಿ ಪಟ್ಟಿಯಲ್ಲಿ 35 ಎಂದಿದ್ದು, ಬರೆದವರು ಸೂಚನೆ ಪಾಲಿಸಿದ್ದರೆ, ಆ ವ್ಯಕ್ತಿ ಹುಟ್ಟಿದ್ದು 1801ರ ಜೂನ್ 7 ಮತ್ತು 1806ರ ಜೂನ್ 6ರ ನಡುವೆ. ‘ಸುಮಾರು 1806’ ಎಂದು ಬರೆದರೆ ಆ ಅವಧಿಯ ಒಂದು ತುದಿಗೆ ಹೋಗಿ ಕೂತಂತೆ. ಹೊಸ ಸಾಫ್ಟ್‌ವೇರಿನಲ್ಲಿ 1802ರ ಒಂದು ಜನನ ದಾಖಲೆ ಹುಡುಕಾಟಕ್ಕೆ ಸಿಗದೇ ಹೋದರೆ ಆಶ್ಚರ್ಯವಿಲ್ಲ.

ಇನ್ನು ‘ಯುದ್ಧ ಮುಗಿದ ಹೊಸದರಲ್ಲಿ’. ಇಂಥ ಮಾತನ್ನು ಜೆಡ್‌ಕಾಮ್ ತಾರೀಖಿನ ಜಾಗದಲ್ಲಿ ಕಂಸದೊಳಗೆ ಇಡಲು ಬಿಡುತ್ತದೆ. 2021ರ 7.0 ಆವೃತ್ತಿಯಲ್ಲಿ ಅದಕ್ಕೆಂದೇ ಪ್ರತ್ಯೇಕ ಸಾಲಿದೆ. ಆದರೆ ಓದಿಕೊಳ್ಳುವ ಸಾಫ್ಟ್‌ವೇರು ಅದನ್ನು ತಾರೀಖೆಂದು ಇಟ್ಟುಕೊಳ್ಳಬಹುದು, ಟಿಪ್ಪಣಿಗೆ ತಳ್ಳಬಹುದು, ಸದ್ದಿಲ್ಲದೆ ಬಿಟ್ಟೂಬಿಡಬಹುದು. ಇಟ್ಟುಕೊಂಡರೂ ಅದಕ್ಕೆ ವರ್ಷ ಗೊತ್ತಿಲ್ಲ, ಆದ್ದರಿಂದ ಘಟನೆಗಳ ಸಾಲಿನಲ್ಲಿ ಮದುವೆಗಿಂತ ಮೊದಲು ಮಕ್ಕಳು ಬಂದು ಕೂರಬಹುದು. ಅದರ ಬದಲು ತಾರೀಖಿನಲ್ಲಿ ‘1945 ಮತ್ತು 1947ರ ನಡುವೆ’ ಎಂದು ಹಾಕಿ, ಅಜ್ಜಿ ಹೇಳಿದ ಮಾತನ್ನು ಅವರ ಮಾತಿನಲ್ಲೇ ಟಿಪ್ಪಣಿಗೆ ಬರೆಯಿರಿ.

ವರ್ಷ ಮಾತ್ರ ಗೊತ್ತಿದ್ದಾಗ ಜನವರಿ 1 ಎಂದು ತುಂಬಿದವರಿಗೆ ಯಾವ ಸಾಫ್ಟ್‌ವೇರೂ ಸಹಾಯ ಮಾಡಲಾರದು. ಅದು ನಿಜವಾದ ಜನವರಿ 1ರ ಜೊತೆ ಬೆರೆತುಹೋಗುತ್ತದೆ. ಜೆಡ್‌ಕಾಮ್‌ಗೆ ಬರೀ ವರ್ಷವಾದರೂ ಸಾಕು, ತಿಂಗಳು-ವರ್ಷವಾದರೂ ಸಾಕು. ಹಾಗೆಯೇ 3/4/1921 ಎಂದು ತುಂಬಬೇಡಿ. ಅದು ಏಪ್ರಿಲ್ಲೋ ಮಾರ್ಚೋ ಎಂದು ಸಾಫ್ಟ್‌ವೇರಿನ ಸೆಟ್ಟಿಂಗ್ ತೀರ್ಮಾನಿಸುತ್ತದೆ. ತಿಂಗಳ ಹೆಸರನ್ನೇ ಬರೆಯಿರಿ.

ಹಳೆಯ ಬ್ರಿಟಿಷ್ ದಾಖಲೆಗಳಲ್ಲಿ ‘1731/32’ ಎಂಬಂಥ ಜೋಡಿ ವರ್ಷ ಕಾಣಬಹುದು. ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಹಾಗೆ: ಹಳೆಯ ಲೆಕ್ಕದಲ್ಲಿ 1731/32ರ ಫೆಬ್ರವರಿ 11, ಹೊಸದರಲ್ಲಿ 1732ರ ಫೆಬ್ರವರಿ 22. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಆ ಓರೆ ಗೆರೆಯನ್ನು ‘ಎರಡರಲ್ಲಿ ಯಾವುದೋ ಒಂದು’ ಎಂದು ತಿದ್ದಲು ಹೋಗಬೇಡಿ. ಅದು ಅನುಮಾನದ ಗುರುತಲ್ಲ.

ಬದಲಾಯಿಸುವ ಕೆಲಸಕ್ಕೆ ಬರೋಣ. ಇಡೀ ವಂಶವನ್ನು ಒಂದೇ ಸಲ ಸಾಗಿಸಬೇಡಿ. ಹಳೆಯ ಸಾಫ್ಟ್‌ವೇರಿನಲ್ಲಿ ಐದಾರು ಸುಳ್ಳು ಹೆಸರುಗಳ ಪುಟ್ಟ ವಂಶವೃಕ್ಷ ಮಾಡಿ. ಒಬ್ಬೊಬ್ಬರಿಗೆ ಒಂದೊಂದು ಬಗೆಯ ತಾರೀಖು ಕೊಡಿ. ಒಬ್ಬರ ಹೆಸರು ಕನ್ನಡದಲ್ಲಿರಲಿ. ಎಕ್ಸ್‌ಪೋರ್ಟ್ ಮಾಡಿ, ನೋಟ್‌ಪ್ಯಾಡಿನಲ್ಲಿ ನೋಡಿ, ಹೊಸದಕ್ಕೆ ಹಾಕಿ, ಅಲ್ಲಿಂದ ಮತ್ತೆ ಎಕ್ಸ್‌ಪೋರ್ಟ್ ಮಾಡಿ ಎರಡೂ ಫೈಲುಗಳನ್ನು ಅಕ್ಕಪಕ್ಕ ಇಟ್ಟು ಓದಿ. ಮೊದಲ ಫೈಲಿನಲ್ಲೇ ತಪ್ಪಿದ್ದರೆ ದೂರು ಹಳೆಯದರ ಮೇಲೆ. ಆ ಫೈಲು ಸರಿಯಿದ್ದು ಹೊಸದರ ಪರದೆಯಲ್ಲಿ ತಪ್ಪು ಕಂಡರೆ ಹೊಸದರ ಮೇಲೆ. ಕನ್ನಡ ಹೆಸರು ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದರೆ ಎಕ್ಸ್‌ಪೋರ್ಟ್ ಮಾಡುವಾಗ ಯುಟಿಎಫ್-8 (ಎಲ್ಲ ಭಾಷೆಗಳ ಅಕ್ಷರಗಳನ್ನೂ ಫೈಲಿನಲ್ಲಿ ಇಡುವ ವಿಧಾನ) ಆರಿಸಿಲ್ಲ ಎಂದು ಬಹುಮಟ್ಟಿಗೆ ಅರ್ಥ. ಅಂಡರ್‌ಸ್ಕೋರಿನಿಂದ ಶುರುವಾಗುವ ಗುರುತುಗಳು ಕಂಡರೆ ಅವು ಆ ಸಾಫ್ಟ್‌ವೇರಿನ ಸ್ವಂತದ್ದು, ಬೇರೆಯವು ಕೈಬಿಡುವ ಸಂಭವ ಹೆಚ್ಚು.

7.0 ಎರಡೂ ಕಡೆ ಇದ್ದರೆ ಅದನ್ನೇ ಆರಿಸಿ. ಒಂದು ಕಡೆ ಇಲ್ಲದಿದ್ದರೆ 5.5.1 ಸಾಕು. ಫೋಟೊಗಳನ್ನು ಮಾತ್ರ ಬೇರೆಯಾಗಿ ಸಾಗಿಸಬೇಕು, ಏಕೆಂದರೆ 5.5.1ರ ಫೈಲಿನಲ್ಲಿ ಹೋಗುವುದು ಸಾಮಾನ್ಯವಾಗಿ ಫೋಟೊ ಇರುವ ಜಾಗದ ವಿಳಾಸವಷ್ಟೇ. ಹಳೆಯ ಸಾಫ್ಟ್‌ವೇರನ್ನೂ ಅದರ ಸ್ವಂತ ಬ್ಯಾಕಪ್ಪನ್ನೂ ಕೂಡಲೇ ಅಳಿಸಬೇಡಿ. ‘ಸುಮಾರು’ ಇರುವ ಎಲ್ಲರನ್ನೂ ಒಮ್ಮೆ ಹೊಸದರಲ್ಲಿ ಹುಡುಕಿ, ಹಳೆಯದರ ಎಣಿಕೆಗೆ ತಾಳೆ ಆಗುತ್ತದಾ ನೋಡಿ. ಆಮೇಲೆ ಬೇಕಾದರೆ ತೆಗೆಯಿರಿ.