ಕರೆಂಟ್ ಹೋದರೆ ಪರವಾಗಿಲ್ಲ, ಕೀ ಮಾತ್ರ ಎರಡು ಕಡೆ ಬೇಡ

ಮನೆಯಲ್ಲೇ ಇಥೀರಿಯಂ ವ್ಯಾಲಿಡೇಟರ್ (ಈ ಕ್ರಿಪ್ಟೋ ನೆಟ್‌ವರ್ಕ್‌ನ ಹಣವಾದ ಈಥರ್ ಠೇವಣಿ ಇಟ್ಟು, ವಹಿವಾಟು ಸರಿ ಇದೆ ಅಂತ ಮತ ಹಾಕಿ ದುಡಿಯುವ ಯಂತ್ರ) ನಡೆಸಬೇಕು ಅಂತ ಮೈಸೂರಿನಲ್ಲಿ ನನ್ನ ಹತ್ತಿರ ಬರುವವರು ಮೊದಲು ಕೇಳುವುದು ಒಂದೇ: "ಸರ್, ಮಳೆಗಾಲದಲ್ಲಿ ಕರೆಂಟ್ ಹೋದರೆ ದುಡ್ಡೂ ಹೋಗುತ್ತಾ?"

ಹೋಗುತ್ತದೆ, ಆದರೆ ಚಿಲ್ಲರೆ. ಯಂತ್ರ ಓಡುತ್ತಿದ್ದರೆ ಆ ಹೊತ್ತಿಗೆ ಎಷ್ಟು ದುಡಿಯುತ್ತಿತ್ತೋ, ಹೆಚ್ಚುಕಡಿಮೆ ಅಷ್ಟೇ ಕಡಿತ. ಒಂದು ಮಧ್ಯಾಹ್ನ ಆಫ್ ಆದ ನಷ್ಟ ಮರುದಿನದೊಳಗೆ ತುಂಬಿಕೊಳ್ಳುತ್ತದೆ. ಯುಪಿಎಸ್ ಹಾಕಿ, ಸಾಕು. ರೌಟರ್‌ಗೂ ಹಾಕಿ, ಅದನ್ನೇ ಎಲ್ಲರೂ ಮರೆಯುವುದು.

ಹೆದರಬೇಕಾದ್ದು ಬೇರೆ ಇದೆ. ಕೆಲವರು ಜಾಣತನ ಮಾಡುತ್ತಾರೆ. ಇಲ್ಲಿ ಕರೆಂಟ್ ಹೋದರೆ ಇರಲಿ ಅಂತ, ಮಂಡ್ಯದ ಭಾವನ ಮನೆಯಲ್ಲಿ ಇನ್ನೊಂದು ಯಂತ್ರ ಇಟ್ಟು ಅದೇ ಕೀ (ಮತಕ್ಕೆ ಸಹಿ ಹಾಕುವ ಗುಪ್ತ ಸಂಕೇತ) ಹಾಕುತ್ತಾರೆ. ಇಲ್ಲಿ ಕರೆಂಟ್ ವಾಪಸ್ ಬಂತು, ಎರಡೂ ಓಡತೊಡಗಿದವು. ವ್ಯಾಲಿಡೇಟರ್ 6.4 ನಿಮಿಷಕ್ಕೊಮ್ಮೆ ಮತ ಹಾಕಬೇಕು. ಒಂದೇ ಕೀಯಿಂದ, ಒಂದೇ ಸರದಿಗೆ ಎರಡು ಬೇರೆ ಮತ ಬಿದ್ದರೆ ಅದು ಮೋಸವೋ ಎಡವಟ್ಟೋ ಅಂತ ನೆಟ್‌ವರ್ಕ್ ವಿಚಾರಿಸುವುದಿಲ್ಲ. ಠೇವಣಿಯಿಂದ ದಂಡ ಕಡಿಯುತ್ತದೆ, ಅದೇ ಸ್ಲ್ಯಾಶಿಂಗ್. ನಿಮ್ಮನ್ನು ಹೊರಗೆ ಹಾಕುತ್ತದೆ, ಹಣ ಸುಮಾರು 36 ದಿನ ಸಿಕ್ಕಿಕೊಳ್ಳುತ್ತದೆ. ಅದೇ ದಿನಗಳಲ್ಲಿ ಬೇರೆ ಬಹಳ ಜನ ಸಿಕ್ಕಿಬಿದ್ದಿದ್ದರೆ ದಂಡವೂ ಏರುತ್ತದೆ. ಒಬ್ಬನ ತಪ್ಪಿಗೆ ಸಣ್ಣ ಪೆಟ್ಟು, ಗುಂಪು ಸೇರಿ ಮಾಡಿದರೆ ಠೇವಣಿಗೇ ಕುತ್ತು. ಈ ಲೆಕ್ಕ ನನಗಂತೂ ಇಷ್ಟ.

ಯಂತ್ರ ಬದಲಿಸುವಾಗ ಹಳೆಯದರಿಂದ ಸ್ಲ್ಯಾಶಿಂಗ್ ತಡೆಯುವ ದಾಖಲೆ (ಯಾವ ಸರದಿಗೆ ಮತ ಹಾಕಿ ಆಗಿದೆ ಅನ್ನುವ ಪಟ್ಟಿ) ತೆಗೆದುಕೊಳ್ಳಿ, ಅಲ್ಲಿನ ಕೀ ಅಳಿಸಿ, ಕಾಲು ಗಂಟೆಯಾದರೂ ಸುಮ್ನೆ ಕೂತು, ಆಮೇಲೆ ಹೊಸದನ್ನು ಶುರು ಮಾಡಿ.

ಇನ್ನು, ಇಥೀರಿಯಂ ಗಣಿಗಾರಿಕೆ (ಕಂಪ್ಯೂಟರ್‌ಗಳ ಲೆಕ್ಕದ ಪೈಪೋಟಿ) ಬಿಟ್ಟು ಈ ಠೇವಣಿ-ಮತದ ಪದ್ಧತಿಗೆ ಬಂದ ಬದಲಾವಣೆ ಮುಗಿಯಿತಾ? ಈ ಪದ್ಧತಿಯ ಸರಪಳಿಯಾದ ಬೀಕನ್ ಚೈನ್ ಶುರುವಾದದ್ದು 2020ರ ಡಿಸೆಂಬರ್ 1ಕ್ಕೆ. ಮೂಲ ಇಥೀರಿಯಂ ಅದಕ್ಕೆ ಸೇರಿಕೊಂಡ 2022ರ ಸೆಪ್ಟೆಂಬರ್ 15ರ ಮರ್ಜ್‌ನೊಂದಿಗೆ ಗಣಿಗಾರಿಕೆ ನಿಂತಿತು, ವಿದ್ಯುತ್ ಬಳಕೆ ಶೇ. 99ಕ್ಕಿಂತ ಜಾಸ್ತಿ ಇಳಿಯಿತು. ವಹಿವಾಟಿಗೆ ಕೊಡುವ ಗ್ಯಾಸ್ ಶುಲ್ಕವೂ ಇಳಿಯುತ್ತದೆ ಅಂದುಕೊಂಡವರಿಗೆ ನಿರಾಸೆ. ಮರ್ಜ್‌ಗೂ ಅದಕ್ಕೂ ಸಂಬಂಧ ಇರಲಿಲ್ಲ. ಇಟ್ಟ ಈಥರ್ ವಾಪಸ್ ತೆಗೆಯುವ ಬಾಗಿಲು ತೆರೆದದ್ದು 2023ರ ಏಪ್ರಿಲ್ 12ಕ್ಕೆ. ಅಲ್ಲಿಯವರೆಗೆ ಹಾಕಿದವರು ಬರೀ ನಂಬಿಕೆ ಮೇಲೆ ಕೂತಿದ್ದರು, ಅಲ್ವಾ? 2025ರ ಮೇ 7ರ ಪೆಕ್ಟ್ರಾ ಅನ್ನುವ ಅಪ್‌ಗ್ರೇಡ್‌ನಲ್ಲಿ ಒಂದು ವ್ಯಾಲಿಡೇಟರ್‌ಗೆ ಲೆಕ್ಕಕ್ಕೆ ಬರುವ ಮಿತಿ 32 ಈಥರ್‌ನಿಂದ 2,048ಕ್ಕೆ ಏರಿತು. ಸ್ಲ್ಯಾಶಿಂಗ್‌ನ ಮೊದಲ ದಂಡವೂ ತೀರಾ ಕಡಿಮೆಯಾಯಿತು.

ಬಾಕಿಯೂ ಇದೆ. ವಹಿವಾಟು ಪೂರ್ತಿ ಖಾತ್ರಿಯಾಗಲು ಇನ್ನೂ ಸುಮಾರು 13 ನಿಮಿಷ ಬೇಕು. ಕನಿಷ್ಠ 32 ಈಥರ್ ಎಲ್ಲರ ಹತ್ತಿರ ಇರುವುದಿಲ್ಲ, ಹಾಗಾಗಿ ಜನ ಹಲವರ ಈಥರ್ ಒಟ್ಟು ಸೇರಿಸಿ ಇಡುವ ಲಿಡೋದಂಥ ಪೂಲ್‌ಗಳಿಗೆ ಹೋಗುತ್ತಾರೆ, ಮತಗಳು ಕೆಲವರ ಕೈಗೆ ಸೇರುತ್ತವೆ. ಪೂಲ್‌ಗೆ ಹೋಗುವವರು ಎಷ್ಟು ಪರ್ಸೆಂಟ್ ಬರುತ್ತದೆ ಅಂತ ಮಾತ್ರ ಕೇಳುತ್ತಾರೆ. ಅವರ ಯಂತ್ರಗಳಲ್ಲಿ ಯಾವ ಕ್ಲೈಂಟ್ ತಂತ್ರಾಂಶ ಓಡುತ್ತಿದೆ ಅಂತಲೂ ಕೇಳಿ. ಮೂರರಲ್ಲಿ ಎರಡು ಪಾಲು ಮತ ಒಂದೇ ತಂತ್ರಾಂಶದ ಮೇಲೆ ನಿಂತಿದ್ದರೆ, ಅದರೊಳಗಿನ ಒಂದು ದೋಷ ಸಾಕು, ತಪ್ಪು ವಹಿವಾಟುಗಳ ಸರಪಳಿಯೇ ಖಾತ್ರಿಯಾಗಿಬಿಡಬಹುದು.