ಐದನೇ ತಿಂಗಳ ಸ್ಕ್ಯಾನ್ ನಾರ್ಮಲ್ ಇತ್ತು, ಎಂಟನೇ ತಿಂಗಳಲ್ಲಿ ಮಗು ಮೆದುಳಲ್ಲಿ ರಕ್ತ ಹೇಗೆ ಬಂತು?

ಪ್ರಶ್ನೆ: "ಡಾಕ್ಟ್ರೇ, 20 ವಾರಕ್ಕೆ ಅನಾಮಲಿ ಸ್ಕ್ಯಾನ್ ಮಾಡ್ಸಿದ್ವಿ, ಎಲ್ಲಾ ನಾರ್ಮಲ್ ಅಂದ್ರು. ಈಗ 32 ವಾರಕ್ಕೆ ಮಗು ತಲೆಯೊಳಗೆ ಬ್ಲೀಡಿಂಗ್ ಅಂತಿದಾರೆ. ಆಗ ಸರಿಯಾಗಿ ನೋಡಿಲ್ಲ ಅಲ್ವಾ?"

ಇದಕ್ಕೆ ಎಷ್ಟನೇ ಸಲ ಉತ್ತರ ಬರೀತಿದೀನೋ, ಲೆಕ್ಕ ಇಡೋದೇ ಬಿಟ್ಟೆ. ಅಮ್ಮಾ, ಆಗ ಸರಿಯಾಗೇ ನೋಡಿರ್ತಾರೆ, ಅಲ್ಲಿ ರಕ್ತಾನೇ ಇದ್ದಿರಲ್ಲ. ಅನಾಮಲಿ ಸ್ಕ್ಯಾನಲ್ಲಿ ನೋಡೋದು ಅಂಗಾಂಗ ಸರಿಯಾಗಿ ರೂಪ ತಗೊಂಡಿದ್ಯಾ ಅಂತ. ಬ್ಲೀಡಿಂಗ್ ಹಾಗಲ್ಲ, ಸರಿಯಾಗೇ ಬೆಳೀತಿರೋ ಮೆದುಳಲ್ಲಿ ಒಂದಿನ ಆಗೋ ಅವಘಡ ಅದು, ವೆಂಟ್ರಿಕಲ್ ಅಂತೀವಲ್ಲ ಮೆದುಳೊಳಗಿನ ನೀರಿನ ಕೋಣೆ, ಅದರ ಗೋಡೆ ಪಕ್ಕ ಇರೋ ತೀರಾ ತೆಳು ರಕ್ತನಾಳ ಒಡೆಯುತ್ತೆ, ಹೆಚ್ಚಾಗಿ ಐದು-ಆರು ತಿಂಗಳು ದಾಟಿದ ಮೇಲೇನೇ. ಜನವರೀಲಿ ಪ್ಲಂಬರ್ ಬಂದು ಪೈಪ್ ಚೆನ್ನಾಗಿದೆ ಅಂದ, ಏಪ್ರಿಲಲ್ಲಿ ಒಡೀತು, ಪ್ಲಂಬರನ್ನ ಬೈತೀರಾ? ಸ್ಕ್ಯಾನಲ್ಲಿ ಯಾವ್ದೂ ಮಿಸ್ ಆಗೋದೇ ಇಲ್ಲ ಅಂತ ನಾನು ಹೇಳ್ತಿಲ್ಲ, ಹೊಟ್ಟೆ ಮೇಲೆ ಇಟ್ಟು ಆಡಿಸ್ತೀವಲ್ಲ ಆ ಪ್ರೋಬಿಗೆ ಹತ್ರ ಇರೋ ಕಡೆಯ ವೆಂಟ್ರಿಕಲ್ ಯಾವಾಗ್ಲೂ ಮಸುಕೇ. ಆದ್ರೆ "ಒಂದ್ಸಲ ನಾರ್ಮಲ್ ಅಂದ್ರೆ ಹೆರಿಗೆ ತನಕ ನಾರ್ಮಲ್" ಅನ್ನೋದನ್ನ ದಯವಿಟ್ಟು ತಲೆಯಿಂದ ತೆಗೀರಿ. ರಿಪೋರ್ಟ್ ಹೇಳೋದು ಆವತ್ತಿನ ಕಥೆ, ಗ್ಯಾರಂಟಿ ಕಾರ್ಡ್ ಅಲ್ಲ ಅದು.

ಇನ್ನು ಕಾಣೋದು ಹೇಗೆ ಅಂದ್ರೆ, ವೆಂಟ್ರಿಕಲ್ ನೀರು ಸ್ಕ್ರೀನಲ್ಲಿ ಕಪ್ಪು, ಹೊಸ ರಕ್ತ ಬಿಳಿ. ಮೊನ್ನೆ ಒಬ್ರು ಸ್ಕ್ಯಾನ್ ಫೋಟೋಗೆ ಪೆನ್ನಲ್ಲಿ ಸುತ್ತು ಹಾಕಿ "ಇದೇ ರಕ್ತ ಅಲ್ವಾ ಸರ್" ಅಂತ ಕಳ್ಸಿದ್ರು. ಅದು ಕೊರಾಯ್ಡ್ ಪ್ಲೆಕ್ಸಸ್! ಆ ನೀರನ್ನ ಮಾಡೋದೇ ಅದು, ಎಲ್ಲಾ ಮಕ್ಕಳಲ್ಲೂ ಬೆಳ್ಳಗೇ ಇರುತ್ತೆ. ಅದರ ಅಂಚು ನಯ, ವೆಂಟ್ರಿಕಲ್ಲಿನ ಮುಂಭಾಗಕ್ಕೆ ಅದು ಬರಲ್ಲ, ಅಲ್ಲಿ ಬಿಳಿ ಗಂಟು ಕಂಡ್ರೆ ನಮಗೆ ಡೌಟ್ ಶುರು. ರಕ್ತದ ಓಟಾನ ಬಣ್ಣದಲ್ಲಿ ತೋರ್ಸೋ ಡಾಪ್ಲರ್ ಹಾಕಿದ್ರೆ ಹೆಪ್ಪುಗಟ್ಟಿದ ರಕ್ತದೊಳಗೆ ಬಣ್ಣ ಓಡಲ್ಲ. ದಿನ ಕಳೆದ ಹಾಗೆ ಗಂಟಿನ ನಡುಭಾಗ ಕಪ್ಪಾಗುತ್ತೆ, ವೆಂಟ್ರಿಕಲ್ ಗೋಡೆ ಬೆಳ್ಳಗಾಗುತ್ತೆ. ವೆಂಟ್ರಿಕಲ್ ಅಗಲ 10 ಮಿ.ಮೀ. ಮುಟ್ಟಿದ್ರೆ ಹುಡುಕಾಟ ಜೋರು, 15 ದಾಟಿದ್ರೆ ಗಂಭೀರ. ಮಗು ತಲೆ ಕೆಳಗಿದ್ರೆ ಯೋನಿ ಒಳಗಿಂದ ಮಾಡೋ ಸ್ಕ್ಯಾನಲ್ಲಿ ನೆತ್ತಿ ಮೂಲಕ ಇನ್ನೂ ಸ್ಪಷ್ಟ. ಆಮೇಲೆ ಎಮ್‌ಆರ್‌ಐ, ಅದ್ರಲ್ಲಿ ಎಕ್ಸ್‌ರೇ ಥರ ರೇಡಿಯೇಷನ್ ಇಲ್ಲ, ಹೆದರಬೇಡಿ.

ಯಾರೂ ಕೇಳದೇ ಇರೋ ಒಂದು ಪ್ರಶ್ನೆ ಇದೆ, ಅದನ್ನೇ ಕೇಳಬೇಕಿತ್ತು: ಮುಂದಿನ ಮಗುಗೂ ಆಗುತ್ತಾ? ಎಷ್ಟೋ ಸಲ ಕಾರಣಾನೇ ಸಿಗಲ್ಲ. ಆದ್ರೆ ಕೆಲವರಲ್ಲಿ ತಾಯಿಯ ಆಂಟಿಬಾಡಿ ಮಗುವಿನ ಪ್ಲೇಟ್ಲೆಟ್‌ನ, ಅಂದ್ರೆ ರಕ್ತಸ್ರಾವ ನಿಲ್ಲಿಸೋ ಕಣಗಳನ್ನ, ನಾಶ ಮಾಡ್ತಿರುತ್ತೆ. ನೆಗೆಟಿವ್ ಬ್ಲಡ್ ಗ್ರೂಪ್ ತೊಂದರೆ ಗೊತ್ತಲ್ಲ, ಹೆಚ್ಚುಕಮ್ಮಿ ಹಾಗೇನೇ, ಆದ್ರೆ ಇದು ಮೊದಲ ಮಗುಗೂ ಹೊಡೆಯುತ್ತೆ. ತಾಯಿಯ ಪ್ಲೇಟ್ಲೆಟ್ ಕೌಂಟ್ ಮಾತ್ರ ನಾರ್ಮಲ್ಲೇ ಇರುತ್ತೆ, ಅದಕ್ಕೇ ಯಾರಿಗೂ ಹೊಳೆಯಲ್ಲ, ಮನೇಲಿ ಎಲ್ರೂ "ಆಟೋದಲ್ಲಿ ಕುಲುಕಾಡ್ಕೊಂಡು ಓಡಾಡಿದ್ಲು" ಅಂತ ಆ ಹುಡುಗೀನ ಬೈತಾ ಕೂತಿರ್ತಾರೆ. ಇದು ಮುಂದಿನ ಬಸಿರಲ್ಲಿ ಮತ್ತೆ ಬರೋ ಚಾನ್ಸ್ ತುಂಬಾ ಜಾಸ್ತಿ, ಆದ್ರೆ ಐವಿಐಜಿ ಅಂತ, ತಾಯಿಗೆ ಡ್ರಿಪ್ಪಲ್ಲಿ ಆಂಟಿಬಾಡಿ ಕೊಡೋ ಚಿಕಿತ್ಸೆ ಇದೆ. ಗಂಡ ಹೆಂಡತಿ ಇಬ್ರೂ ಬ್ಲಡ್ ಟೆಸ್ಟ್ ಮಾಡಿಸ್ಕೊಳ್ಳಿ, ಹಳೇ ರಿಪೋರ್ಟ್ ಎಸೀಬೇಡಿ.